ಆರ್ಗ್ ಮೋಡ್‌ನಲ್ಲಿ ಮತ್ತೆ ಮತ್ತೆ ಬರುವ ಕೆಲಸಗಳು

ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ ಟಿಪ್ಪಣಿ, ಕೆಲಸದ ಪಟ್ಟಿ ಬರೆಯಲು ಇರುವ ಆರ್ಗ್ ಮೋಡ್‌ನಲ್ಲಿ ಪ್ಲಾನರ್ ಇಟ್ಟುಕೊಂಡವರು ಸೋಮವಾರದ ಮೀಟಿಂಗನ್ನು ವರ್ಷಕ್ಕೆ 52 ಸಲ ಟೈಪ್ ಮಾಡಬೇಕಿಲ್ಲ. ತಾರೀಕಿನ ಕೊನೆಯಲ್ಲಿ, ಆಂಗಲ್ ಬ್ರಾಕೆಟ್ (< >) ಮುಚ್ಚುವ ಮೊದಲು, +1 ಎಂದು ಬರೆದು ಅದಕ್ಕೆ ಅಂಟಿಸಿ ಇಂಗ್ಲಿಷಿನ ಚಿಕ್ಕ ಡಬ್ಲ್ಯು (w, ಅಂದರೆ ವಾರ) ಹಾಕಿ, ಸಾಕು. ದಿನಕ್ಕೆ ಡಿ, ತಿಂಗಳಿಗೆ ಎಂ, ವರ್ಷಕ್ಕೆ ವೈ. ಅಪ್ಪಿತಪ್ಪಿ ಚೌಕ ಬ್ರಾಕೆಟ್ ಹಾಕಿದರೆ ಅಜೆಂಡಾದಲ್ಲಿ, ಅಂದರೆ ದಿನ-ವಾರದ ಕೆಲಸಗಳನ್ನು ತೋರಿಸುವ ಪಟ್ಟಿಯಲ್ಲಿ, ಅದು ಕಾಣಿಸೋದೇ ಇಲ್ಲ. ನಾನು ಒಂದು ವಾರ ತಲೆ ಕೆರೆದುಕೊಂಡಿದ್ದು ಇದಕ್ಕೇ!

ಜಾಸ್ತಿ ಜನ ಎಡವೋದು ಪ್ಲಸ್ ಗುರುತಿನಲ್ಲಿ. ಕೆಲಸವನ್ನು ಡನ್ (ಮುಗಿದಿದೆ) ಎಂದು ಗುರುತು ಮಾಡಿದ ಕೂಡಲೇ ಅದು ಮತ್ತೆ ಟೂಡೂ (ಮಾಡಬೇಕಿದೆ) ಆಗಿ, ತಾರೀಕು ತಾನಾಗಿ ಮುಂದೆ ಹೋಗುತ್ತದೆ. ಎಷ್ಟು ಮುಂದೆ? ಬರೀ + ಇದ್ದರೆ ಹಳೇ ತಾರೀಕಿನಿಂದ ಒಂದೇ ಹೆಜ್ಜೆ. ಮೂರು ತಿಂಗಳ ಬಾಡಿಗೆ ಬಾಕಿ ಇದ್ದರೆ ಮೂರು ಸಲ ಡನ್ ಮಾಡಬೇಕು, ಕಟ್ಟಲೇಬೇಕಲ್ವಾ. ++ ಹಾಕಿದರೆ ತಪ್ಪಿದ ವಾರಗಳನ್ನೆಲ್ಲ ಬಿಟ್ಟು ನೇರ ಮುಂದೆ ಬರುವ ಸೋಮವಾರಕ್ಕೆ ಹೋಗುತ್ತದೆ, ಮೀಟಿಂಗಿಗೆ ಇದೇ ಸರಿ. ಮುಂದೆ ಚುಕ್ಕಿ ಇಟ್ಟು .+ ಎಂದು ಬರೆದರೆ ಮುಗಿಸಿದ ದಿನದಿಂದ ಎಣಿಕೆ ಶುರು. ಫ್ಯಾನ್ ಒರೆಸೋದು ಐದು ದಿನ ತಡವಾದರೆ ಮುಂದಿನ ಸಲವೂ ಅಷ್ಟೇ ತಡ.

ತಿಂಗಳ ಕೆಲಸವನ್ನು ಮಾತ್ರ 31ನೇ ತಾರೀಕಿಗೆ ಇಡಬೇಡಿ. ಫೆಬ್ರವರಿ ಬಂದಾಗ ಸುಮ್ನೆ ತಲೆನೋವು, 28ಕ್ಕೇ ಇಟ್ಟುಬಿಡಿ.