ನಡಿಗೆಗಿಂತ ಮೊದಲು ಕೂರುವುದು: ನನ್ನ ಅನುಭವ

ನನ್ನ ಮಗಳಿಗೆ ಜೂಬೆರ್ ಸಿಂಡ್ರೋಮ್ ಇದೆ. ಇದರಲ್ಲಿ ಮೈಯ ಸಮತೋಲನ ನೋಡಿಕೊಳ್ಳುವ ಚಿಕ್ಕಮೆದುಳಿನ ನಡುಭಾಗ ಗರ್ಭದಲ್ಲೇ ಸರಿಯಾಗಿ ಬೆಳೆದಿರುವುದಿಲ್ಲ, ಎಂಆರ್‌ಐನಲ್ಲಿ ಆ ಜಾಗ ದವಡೆ ಹಲ್ಲಿನ ಆಕಾರದಲ್ಲಿ ಕಾಣುತ್ತದೆ. ಡಾಕ್ಟರು ಗುರುತು ಹಿಡಿಯುವುದೇ ಅದರಿಂದ.

ಮಂಡ್ಯದ ನಮ್ಮ ಮನೆಗೆ ಬಂದವರೆಲ್ಲ "ಇನ್ನೂ ನಡೀತಿಲ್ವಾ?" ಎಂದೇ ಕೇಳುತ್ತಿದ್ದರು. ನಾನು ನಡಿಗೆಯ ಹಿಂದೆ ಬೀಳಲಿಲ್ಲ. ಬೆನ್ನು, ಹೊಟ್ಟೆಗೆ ಹಿಡಿತ ಬರದೆ ಕಾಲು ತಾನೇ ಏನು ಮಾಡುತ್ತದೆ ಹೇಳಿ?

ಗಿಡ್ಡ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆ, ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಕಂಕುಳಲ್ಲಿ ಹಿಡಿಯಬೇಡಿ, ಸೊಂಟ ಹಿಡಿಯಿರಿ ಎಂದು ಫಿಸಿಯೋ ಹೇಳಿಕೊಟ್ಟಿದ್ದರು. ಮೇಲೆ ಹಿಡಿದಷ್ಟೂ ಮಗು ನಮ್ಮ ಕೈಗೇ ವಾಲುತ್ತದೆ. ಮುಂದೆ ಪರಾತದಲ್ಲಿ ರಾಗಿ ಸುರಿದು ಅದರೊಳಗೆ ನನ್ನ ಬಳೆ ಬಚ್ಚಿಡುತ್ತಿದ್ದೆ. ಹುಡುಕಲು ಬಾಗುತ್ತಾಳೆ, ಸಿಕ್ಕಿದ ಕೂಡಲೇ ನೆಟ್ಟಗಾಗಿ ತೋರಿಸುತ್ತಾಳೆ, ಅದೇ ವ್ಯಾಯಾಮ. ಇವಳಿಗೆ ಕಣ್ಣು ಬೇಗ ಹೊರಳಿಸಲು ಬರುವುದಿಲ್ಲ, ತಲೆಯನ್ನೇ ಎಸೆದಂತೆ ತಿರುಗಿಸಿ ನೋಡುತ್ತಾಳೆ. ಅವಸರ ಮಾಡಿದರೆ ಆ ರಭಸಕ್ಕೇ ಉರುಳುತ್ತಾಳೆ. ಸ್ವಲ್ಪ ಕಾಯಬೇಕು.

ಆಮೇಲೆ ಚನ್ನಪಟ್ಟಣದ ಮರದ ಮೂರು ಗಾಲಿ ಗಾಡಿ ತಂದೆವು. ಹಗುರ ಗಾಡಿ ಮುಂದಕ್ಕೆ ಓಡಿಬಿಡುತ್ತದೆ, ಅದಕ್ಕೆ ಅಕ್ಕಿ ಚೀಲ ಕಟ್ಟಿದೆವು. ಈಗ ಕಾಲು ಅಗಲಿಸಿಕೊಂಡು, ತೂರಾಡುತ್ತಾ ಜಗುಲಿ ದಾಟುತ್ತಾಳೆ. ಆ ಅಗಲದ ಹೆಜ್ಜೆಯನ್ನು ತಿದ್ದಲು ಹೋಗಬೇಡಿ, ಬೀಳದಿರಲು ಅವಳೇ ಕಂಡುಕೊಂಡ ದಾರಿ ಅದು.

ಮಾತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತೇವೆ. ಮಾತು ಹೊರಡುವುದು ಕಷ್ಟ, ಆದರೆ ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೆ. ಅವಳೆದುರೇ "ಅಯ್ಯೋ ಪಾಪ" ಎನ್ನುವವರನ್ನು ನಾನು ಅಲ್ಲೇ ತಡೆಯುತ್ತೇನೆ.

ವ್ಯಾಯಾಮದ ಗಡಿಬಿಡಿಯಲ್ಲಿ ಕಿಡ್ನಿಯನ್ನು ಮರೆಯಬೇಡಿ. ಈ ಮಕ್ಕಳಲ್ಲಿ ಕೆಲವರಿಗೆ ಕಿಡ್ನಿ, ಲಿವರ್, ಕಣ್ಣಿನ ರೆಟಿನಾ ಕೂಡ ನಿಧಾನವಾಗಿ ಕೆಡುತ್ತವೆ. ವರ್ಷಕ್ಕೊಮ್ಮೆ ರಕ್ತ, ಮೂತ್ರ, ಹೊಟ್ಟೆ ಸ್ಕ್ಯಾನ್, ಕಣ್ಣು ನೋಡಿಸಲೇಬೇಕು. ಮಗು ಜಾಸ್ತಿ ನೀರು ಕೇಳುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ ಬಿಸಿಲಿಗೆ ಎಂದುಕೊಂಡು ಸುಮ್ನೆ ಇರಬೇಡಿ.

ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ಹೆತ್ತವಳನ್ನು ಬೈಯುವುದು ನನಗೆ ಸಹಿಸಲಾಗುವುದಿಲ್ಲ. ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಇದು ಬರುತ್ತದೆ. ಆಗ ಮುಂದಿನ ಪ್ರತಿ ಬಸಿರಿನಲ್ಲೂ ಸಾಧ್ಯತೆ ಶೇ. 25. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿ ಇದೆ ಅಲ್ವಾ, ಅಂಥ ಮದುವೆಯಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ. ಇನ್ನೊಂದು ಮಗು ಬೇಕೆನಿಸಿದರೆ ಮೊದಲು ಜೀನ್ ಪರೀಕ್ಷೆ ಮಾಡಿಸಿ. ರಿಪೋರ್ಟ್ ಬಂದ ಮೇಲೆ ತಂಗಿಗೂ ನಾದಿನಿಗೂ ತೋರಿಸಿ, ಅದೇ ಜೀನ್ ಅವರಲ್ಲೂ ಇರಬಹುದು.