ಬ್ಲೂಟೂತ್ ರಿಸೀವರ್ ಮತ್ತು ಹೆಡ್‌ಫೋನ್ ಆಂಪ್: ಜೋಡಿಸುವುದು, ಹೊಂದಿಸುವುದು, ಸರಿಪಡಿಸುವುದು

ಒಳ್ಳೆಯ ತಂತಿಯ ಹೆಡ್‌ಫೋನ್ ಇದೆ, ಫೋನಿನಲ್ಲಿ ಮಾತ್ರ ಜ್ಯಾಕ್ ಇಲ್ಲ. ಆಗ ನೆರವಿಗೆ ಬರುವುದು ಬೆಂಕಿಪೊಟ್ಟಣದಷ್ಟೇ ದೊಡ್ಡದಾದ, ಅಂಗಿಗೆ ಸಿಕ್ಕಿಸಿಕೊಳ್ಳಬಹುದಾದ ಬ್ಲೂಟೂತ್ ರಿಸೀವರ್. ಅದರೊಳಗೆ ಮೂರು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ರೇಡಿಯೊ ಭಾಗ ಫೋನಿನಿಂದ ಬಂದ ಡೇಟಾವನ್ನು ಹಿಡಿದು ಬಿಡಿಸುತ್ತದೆ. ಡ್ಯಾಕ್ ಚಿಪ್ ಆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡುತ್ತದೆ. ಆಂಪ್ ಆ ಅಲೆಗೆ ಹೆಡ್‌ಫೋನ್ ಓಡಿಸುವಷ್ಟು ಬಲ ತುಂಬುತ್ತದೆ.

ಈ ಮೂರನ್ನು ಬೇರೆಬೇರೆಯಾಗಿ ನೋಡಲು ಕಲಿತರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ. ಸದ್ದು ಕಡಿದು ಕಡಿದು ಬಂದರೆ ತಪ್ಪಿರುವುದು ರೇಡಿಯೊದಲ್ಲಿ. ಜೋರು ಮಾಡಿದಾಗ ಒಡೆದರೆ, ಬಾಸ್ ಸೊರಗಿದರೆ, ಹಾಡು ನಿಂತಾಗಲೂ ಸರ್‍ರೆಂಬ ಸದ್ದು ಉಳಿದರೆ ನೋಡಬೇಕಾದದ್ದು ಆಂಪನ್ನು. ಬಾಸ್ ಸಿಗಲಿ ಎಂದು ಕೋಡೆಕ್ (ಹಾಡನ್ನು ಕಿರಿದು ಮಾಡಿ ಕಳಿಸುವ ವಿಧಾನ) ಬದಲಿಸುತ್ತ ಕೂತರೆ, ಕಡಿತ ನಿಲ್ಲಲಿ ಎಂದು ಗೇನ್ (ಆಂಪ್ ಅಲೆಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬ ಹೊಂದಿಕೆ) ಏರಿಸಿದರೆ ಏನೂ ಆಗುವುದಿಲ್ಲ. ಡ್ಯಾಕ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಈಗಿನ ಚಿಪ್‌ಗಳು ಚೆನ್ನಾಗಿಯೇ ಇವೆ, ತೊಂದರೆ ಹುಟ್ಟುವುದು ಬಹುಮಟ್ಟಿಗೆ ಅದರ ಆಚೆ ಈಚೆ.

ಚಾರ್ಜ್ ಮತ್ತು ಮೊದಲ ಜೋಡಣೆ

ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದಾಗ ದೀಪವೇ ಹತ್ತದಿದ್ದರೆ ಸಾಧನ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಟೈಪ್-ಸಿ ಚಾರ್ಜರ್ ವಿದ್ಯುತ್ ಬಿಡಬೇಕಾದರೆ ಎದುರಿನ ಸಾಧನದಲ್ಲಿ 5.1 ಕಿಲೋಓಮ್‌ನ ರೆಸಿಸ್ಟರ್‌ಗಳು ಕಾಣಬೇಕು. ಕೆಲವು ಅಗ್ಗದ ಸಾಧನಗಳಲ್ಲಿ ಅವನ್ನು ಹಾಕಿರುವುದಿಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ-ಎ ಆಗಿರುವ ಕೇಬಲ್ ಹಾಕಿದರೆ 5 ವೋಲ್ಟ್ ಯಾವಾಗಲೂ ಇರುತ್ತದೆ, ಚಾರ್ಜ್ ಆಗುತ್ತದೆ.

ಆಮೇಲೆ ಜೋಡಣೆ. ಬಹಳಷ್ಟು ಮಾದರಿಗಳಲ್ಲಿ ಸಾಧನ ಆನ್ ಆದ ಮೇಲೂ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ದೀಪ ಎರಡು ಬಣ್ಣದಲ್ಲಿ ಮಿನುಗತೊಡಗುತ್ತದೆ, ಅದೇ ಜೋಡಣೆಯ ಸ್ಥಿತಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡು, ಒಂದರ ಜೊತೆ ‘ಎಲ್‌ಇ’ ಎಂಬ ಅಕ್ಷರಗಳಿದ್ದರೆ ಅದನ್ನು ಬಿಡಿ. ಸಾಮಾನ್ಯವಾಗಿ ಅದು ಆ್ಯಪ್ ಮಾತಾಡುವ ದಾರಿ. ಹಾಡು ಹರಿಯುವುದು ಇನ್ನೊಂದರಲ್ಲಿ.

ಹಿಂದೆ ಜೋಡಿಸಿದ ಸಾಧನ ಈಗ ಸೇರಿದಂತೆ ಮಾಡಿ ಕೂಡಲೇ ಬಿಟ್ಟುಹೋಗುತ್ತಿದ್ದರೆ, ಎರಡೂ ಕಡೆ ಉಳಿಸಿಕೊಂಡಿರುವ ಗುಟ್ಟಿನ ಕೀ ಹೊಂದುತ್ತಿಲ್ಲ ಎಂದೇ ಹೆಚ್ಚಾಗಿ ಅರ್ಥ. ಫೋನಿನಲ್ಲಿ ‘ಫರ್ಗೆಟ್’ ಒತ್ತಿ, ರಿಸೀವರ್‌ನಲ್ಲೂ ಜೋಡಣೆಯ ಪಟ್ಟಿ ಅಳಿಸಿ, ಮತ್ತೆ ಮೊದಲಿನಿಂದ ಜೋಡಿಸಿ. ಒಂದೇ ಕಡೆ ಅಳಿಸಿದರೆ ಪ್ರಯೋಜನವಿಲ್ಲ.

ಕೋಡೆಕ್: ಎರಡೂ ಕಡೆ ಇದ್ದರೆ ಮಾತ್ರ

ಬ್ಲೂಟೂತ್‌ನಲ್ಲಿ ಹಾಡನ್ನು ಕಿರಿದು ಮಾಡಿ ಕಳಿಸುವ ವಿಧಾನವೇ ಕೋಡೆಕ್. ಎಸ್‌ಬಿಸಿ ಕಡ್ಡಾಯ, ಎಲ್ಲ ಸಾಧನಗಳಲ್ಲೂ ಇರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಹೋಗುತ್ತದೆ. ಆಪ್ಟ್‌ಎಕ್ಸ್ 352, ಆಪ್ಟ್‌ಎಕ್ಸ್ ಎಚ್‌ಡಿ 576. ಎಲ್‌ಡ್ಯಾಕ್‌ಗೆ ಮೂರು ಮೆಟ್ಟಿಲು: 330, 660, 990. ರಿಸೀವರ್‌ನ ಡಬ್ಬಿಯ ಮೇಲೆ ಏನೆಲ್ಲ ಬರೆದಿದ್ದರೂ ಫೋನಿನಲ್ಲಿ ಅದೇ ಕೋಡೆಕ್ ಇಲ್ಲದಿದ್ದರೆ ಅದು ಕೆಲಸ ಮಾಡದು. ಐಫೋನ್ ಕಳಿಸುವುದು ಎಎಸಿ ಮತ್ತು ಎಸ್‌ಬಿಸಿ ಮಾತ್ರ, ಹಾಗಾಗಿ ಐಫೋನ್ ಇರುವವರು ಎಲ್‌ಡ್ಯಾಕ್ ಇದೆ ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ 2017ರ 8.0 ಆವೃತ್ತಿಯಿಂದ ಎಲ್‌ಡ್ಯಾಕ್ ಸೇರಿದೆ.

ಈಗ ಯಾವುದು ಓಡುತ್ತಿದೆ ಎಂದು ನೋಡಲು ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ಗೆ ಹೋಗಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ. ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ, ಅದರಲ್ಲಿ ಬ್ಲೂಟೂತ್ ಆಡಿಯೊ ಕೋಡೆಕ್ ಇದೆ. ಹಾಡು ಹಾಕಿಕೊಂಡೇ ನೋಡಿ. ಇಲ್ಲಿ ಬದಲಿಸಿದ್ದು ಮುಂದಿನ ಸಲ ಜೋಡಿಸಿದಾಗ ಅಳಿಸಿಹೋಗಬಹುದು. ಉಳಿಯಬೇಕಾದರೆ ಬ್ಲೂಟೂತ್ ಪಟ್ಟಿಯಲ್ಲಿ ಆ ಸಾಧನದ ಪಕ್ಕದ ಹಲ್ಲುಚಕ್ರ ಒತ್ತಿ, ಒಳಗೆ ಎಚ್‌ಡಿ ಆಡಿಯೊ ಅಥವಾ ಎಲ್‌ಡ್ಯಾಕ್ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿ.

ಎಲ್‌ಡ್ಯಾಕನ್ನು 990ಕ್ಕೆ ಕಟ್ಟಿಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಮನೆಯೊಳಗೆ, ಫೋನ್ ಪಕ್ಕದಲ್ಲೇ ಇದ್ದಾಗ ನಡೆಯುತ್ತದೆ. ಜನಸಂದಣಿಯಲ್ಲಿ ನಡೆದಾಡುವಾಗ ಅದೇ 990 ಹತ್ತು ಹೆಜ್ಜೆಗೊಮ್ಮೆ ಕಡಿಯುತ್ತದೆ. 660ಕ್ಕೆ ಇಡಿ. ಎರಡರ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ, ಕಡಿತ ಮಾತ್ರ ಪ್ರತಿಯೊಬ್ಬರಿಗೂ ಸಿಗುತ್ತದೆ.

ಸದ್ದು ಯಾಕೆ ಕಡಿಯುತ್ತದೆ

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈಯ ಒಂದು ಪಟ್ಟಿಯೂ ಮೈಕ್ರೋವೇವ್ ಒಲೆಯೂ ಅದೇ ಜಾಗದಲ್ಲಿವೆ. ನೀರು ಈ ಅಲೆಗಳನ್ನು ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ. ಫೋನ್ ಹಿಂಬದಿಯ ಬಲ ಜೇಬಿನಲ್ಲಿ, ರಿಸೀವರ್ ಎದೆಯ ಎಡಕ್ಕೆ ಇದ್ದರೆ ಇಡೀ ಮೈ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಎರಡನ್ನೂ ಮೈಯ ಒಂದೇ ಬದಿಗೆ ತಂದರೆ ಸಾಕು, ಎಷ್ಟೋ ಸಲ ಬೇರೇನೂ ಮಾಡಬೇಕಾಗುವುದಿಲ್ಲ. ಬಯಲಿನಲ್ಲಿ ಕಡಿತ ಹೆಚ್ಚುವುದಕ್ಕೂ ಕಾರಣವಿದೆ: ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸು ಬರುವ ಅಲೆಗಳಾದರೂ ರಿಸೀವರನ್ನು ಮುಟ್ಟುತ್ತವೆ, ಬಯಲಿನಲ್ಲಿ ಆ ಆಸರೆ ಇಲ್ಲ. ಮನೆಯಲ್ಲಿ ಕಡಿಯುತ್ತಿದ್ದರೆ ಫೋನಿನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ. ಲ್ಯಾಪ್‌ಟಾಪ್‌ನಲ್ಲಾದರೆ ಯುಎಸ್‌ಬಿ 3.0 ಡ್ರೈವ್‌ಗಳನ್ನು ತೆಗೆದು ನೋಡಿ. ಅವುಗಳಿಂದ ಸೋರುವ ಗದ್ದಲವೂ ಇದೇ 2.4ಕ್ಕೆ ಬೀಳುತ್ತದೆ.

ಗೇನ್ ಎಷ್ಟಿರಬೇಕು

ಆಂಪ್ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹೆಡ್‌ಫೋನಿನ ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ: ಇಂಪಿಡೆನ್ಸ್ (ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ) ಓಮ್‌ನಲ್ಲಿ, ಸೆನ್ಸಿಟಿವಿಟಿ (ಕೊಟ್ಟ ಬಲಕ್ಕೆ ಎಷ್ಟು ಜೋರು ಸದ್ದು) ಹೆಚ್ಚಾಗಿ 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದು. ಹಾಡಿನ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬೆಲ್‌ವರೆಗೆ ಜಾಗ ಇರಲಿ ಎಂದು ಹಿಡಿಯಿರಿ. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು ವ್ಯಾಟ್ ಬೇಕು, ಪ್ರತಿ 3ಕ್ಕೆ ಎರಡು ಪಟ್ಟು.

ಕಿವಿಯೊಳಗೆ ಕೂರುವ 16 ಓಮ್, 105 ಡೆಸಿಬೆಲ್‌ನ ಇಯರ್‌ಫೋನ್ ತೆಗೆದುಕೊಳ್ಳಿ. 110 ಮುಟ್ಟಲು 5 ಡೆಸಿಬೆಲ್ ಕಡಿಮೆ, ಅಂದರೆ ಸುಮಾರು 3.2 ಮಿಲಿವ್ಯಾಟ್, 0.23 ವೋಲ್ಟ್. ಅದೇ 300 ಓಮ್, 97 ಡೆಸಿಬೆಲ್‌ನ ದೊಡ್ಡ ಹೆಡ್‌ಫೋನಿಗೆ 20 ಮಿಲಿವ್ಯಾಟ್ ಬೇಕು, ಅದಕ್ಕೆ 2.45 ವೋಲ್ಟ್ ಆಗುತ್ತದೆ. ವ್ಯಾಟ್ ಚಿಕ್ಕದೇ, ವೋಲ್ಟ್ ಮಾತ್ರ ಹತ್ತು ಪಟ್ಟಿಗೂ ಹೆಚ್ಚು. ಇನ್ನು 32 ಓಮ್, 90 ಡೆಸಿಬೆಲ್‌ನ ಪ್ಲೇನಾರ್ (ಚಪ್ಪಟೆ ತೆಳು ಪೊರೆಯಿಂದ ಸದ್ದು ಮಾಡುವ) ಹೆಡ್‌ಫೋನಿಗೆ 100 ಮಿಲಿವ್ಯಾಟ್ ಬೇಕು, ವೋಲ್ಟ್ 1.8ರಷ್ಟೇ, ಆದರೆ ಕರೆಂಟ್ 56 ಮಿಲಿಆಂಪ್. ನಿಮ್ಮ ರಿಸೀವರ್‌ನ ವಿವರದಲ್ಲಿ ‘32 ಓಮ್‌ಗೆ ಇಷ್ಟು ಮಿಲಿವ್ಯಾಟ್’ ಎಂದಷ್ಟೇ ಇದ್ದರೆ 300 ಓಮ್ ಹೆಡ್‌ಫೋನ್ ಓಡುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಗರಿಷ್ಠ ವೋಲ್ಟ್ ಎಷ್ಟು ಎಂದು ನೋಡಬೇಕು.

ಆದ್ದರಿಂದ ಇಯರ್‌ಫೋನಿಗೆ ಲೋ ಗೇನ್ ಇರಲಿ. ಹೈ ಗೇನ್‌ನಲ್ಲಿ ಆಂಪಿನ ಸ್ವಂತ ಗದ್ದಲವೂ ಹಿಗ್ಗುತ್ತದೆ, ಹಾಡಿನ ಮೌನದಲ್ಲಿ ಸರ್‍ರೆನ್ನುವುದು ಅದೇ. ಜೊತೆಗೆ ವಾಲ್ಯೂಮಿನ ಮೊದಲ ಎರಡು ಮೆಟ್ಟಿಲಲ್ಲೇ ಕಿವಿ ತುಂಬಿಬಿಡುತ್ತದೆ, ನಡುವೆ ಹೊಂದಿಸಲು ಜಾಗವಿರುವುದಿಲ್ಲ. ಲೋ ಗೇನ್‌ನಲ್ಲಿ ಮುಕ್ಕಾಲು ವಾಲ್ಯೂಮ್ ದಾಟಿಯೂ ಸಾಲದಿದ್ದರೆ ಆಗ ಹೈ ಗೇನ್‌ಗೆ ಹೋಗಿ. ಬದಲಿಸುವ ಮುನ್ನ ವಾಲ್ಯೂಮ್ ಇಳಿಸಿ, ಕಿವಿಯಿಂದ ತೆಗೆದಿರಿ.

ಈಕ್ವಲೈಜರ್ ಬಳಸುವವರಿಗೆ ಒಂದು ಮಾತು. ಬಾಸನ್ನು 6 ಡೆಸಿಬೆಲ್ ಏರಿಸಿದರೆ ಪ್ರೀಆಂಪನ್ನು (ಈಕ್ವಲೈಜರ್‌ನ ಒಟ್ಟು ಮಟ್ಟವನ್ನು) ಅಷ್ಟೇ, ಮೈನಸ್ 6ಕ್ಕೆ ಇಳಿಸಬೇಕು. ಇಲ್ಲದಿದ್ದರೆ ಡಿಜಿಟಲ್ ಮಟ್ಟದಲ್ಲೇ ಅಲೆಯ ತಲೆ ಕತ್ತರಿಸಿಹೋಗುತ್ತದೆ. ತಬಲದ ಡಗ್ಗದ ಪೆಟ್ಟು ಬಿದ್ದಾಗಲೆಲ್ಲ ಪಟಪಟ ಒಡೆದ ಸದ್ದು ಬರುತ್ತಿದ್ದರೆ ಹೆಡ್‌ಫೋನನ್ನು ಬೈಯುವ ಮುಂಚೆ ಇದನ್ನು ನೋಡಿ.

ಜ್ಯಾಕ್, ಪಿನ್ ಮತ್ತು ಬ್ಯಾಲೆನ್ಸ್ಡ್ ಔಟ್‌ಪುಟ್

ಬಹಳ ಜನ ಗಾಬರಿಯಾಗುವ ಒಂದು ತೊಂದರೆ ಇದೆ. ಹಾಡು ಕೇಳುತ್ತದೆ, ವಾದ್ಯಗಳೆಲ್ಲ ಇವೆ, ಹಾಡುವವರ ದನಿ ಮಾತ್ರ ಬಾವಿಯ ತಳದಿಂದ ಬಂದಂತೆ, ಇಲ್ಲವೇ ಪೂರ್ತಿ ಮಾಯ. ಆಂಪ್ ಕೆಟ್ಟಿಲ್ಲ. 3.5 ಮಿಲಿಮೀಟರ್ ಪಿನ್ ಪೂರ್ತಿ ಒಳಗೆ ಹೋಗಿಲ್ಲ ಅಥವಾ ಅದರ ಗ್ರೌಂಡ್ (ವಿದ್ಯುತ್ ವಾಪಸು ಹೋಗುವ) ತಂತಿ ಕಡಿದಿದೆ. ಪಿನ್ನಿನ ತುದಿ ಎಡ ಕಿವಿಗೆ, ಮುಂದಿನ ಉಂಗುರ ಬಲ ಕಿವಿಗೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಬುಡ ತಾಗದೇ ಹೋದರೆ ಎರಡು ಕಿವಿಯ ಸ್ಪೀಕರ್‌ಗಳು ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಕೇಳುವುದು ಎಡದಿಂದ ಬಲವನ್ನು ಕಳೆದ ಉಳಿಕೆ ಮಾತ್ರ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರುತ್ತಾರೆ, ಕಳೆದಾಗ ಅದು ಸೊನ್ನೆಯಾಗುತ್ತದೆ. ಪಿನ್ ಗಟ್ಟಿಯಾಗಿ ಒತ್ತಿ, ರಿಸೀವರ್‌ಗೆ ದಪ್ಪ ಕವರ್ ಇದ್ದರೆ ತೆಗೆದು ಒತ್ತಿ. ಜ್ಯಾಕಿನೊಳಗೆ ಜೇಬಿನ ನೂಲು ಗಂಟುಕಟ್ಟಿದ್ದರೂ ಹೀಗಾಗುತ್ತದೆ. ಸಾಧನ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಸೂಜಿ ಬೇಡ.

ಕೆಲವು ರಿಸೀವರ್‌ಗಳಲ್ಲಿ 2.5 ಅಥವಾ 4.4 ಮಿಲಿಮೀಟರ್‌ನ ಇನ್ನೊಂದು ತೂತೂ ಇರುತ್ತದೆ, ಅದು ಬ್ಯಾಲೆನ್ಸ್ಡ್ ಔಟ್‌ಪುಟ್. ಪ್ರತಿ ಕಿವಿಗೂ ಎರಡೆರಡು ಆಂಪ್, ಒಂದು ಎಳೆದಾಗ ಇನ್ನೊಂದು ತಳ್ಳುತ್ತದೆ, ವೋಲ್ಟ್ ಹೆಚ್ಚುಕಡಿಮೆ ಇಮ್ಮಡಿ. 300 ಓಮ್ ಹೆಡ್‌ಫೋನಿಗೆ ಇದು ನಿಜವಾದ ಲಾಭ. ಸೂಕ್ಷ್ಮ ಇಯರ್‌ಫೋನಿಗೆ ಅಗತ್ಯವಿಲ್ಲ.

ಎಚ್ಚರ ಬೇಕಾದದ್ದು ಅಡಾಪ್ಟರ್ ವಿಷಯದಲ್ಲಿ. ಬ್ಯಾಲೆನ್ಸ್ಡ್ ತೂತಿಗೆ ಅಡಾಪ್ಟರ್ ಹಾಕಿ ಮಾಮೂಲಿ 3.5ರ ಹೆಡ್‌ಫೋನ್ ಸಿಕ್ಕಿಸಬೇಡಿ. ಮಾಮೂಲಿ ಪಿನ್ನಿನ ಬುಡದಲ್ಲಿ ಎರಡೂ ಕಿವಿಯ ಮೈನಸ್ ತಂತಿಗಳು ಒಂದಾಗಿರುತ್ತವೆ. ಇಲ್ಲಿ ಆ ಮೈನಸ್ ಎರಡೂ ಬೇರೆಬೇರೆ ಆಂಪ್‌ಗಳು, ಒಂದಕ್ಕೊಂದು ಶಾರ್ಟ್ ಆಗಿ ಸುಟ್ಟುಹೋಗಬಹುದು. ತಿರುವುಮುರುವಾದರೆ, ಅಂದರೆ ಬ್ಯಾಲೆನ್ಸ್ಡ್ ಕೇಬಲಿನ ಹೆಡ್‌ಫೋನನ್ನು ಸರಿಯಾದ ಅಡಾಪ್ಟರ್ ಮೂಲಕ 3.5ಕ್ಕೆ ಹಾಕಿದರೆ, ಏನೂ ಆಗದು.

ಎರಡು ವಾಲ್ಯೂಮ್

ಫೋನಿನ ವಾಲ್ಯೂಮ್ ಮತ್ತು ರಿಸೀವರ್‌ನ ವಾಲ್ಯೂಮ್ ಕೆಲವು ಜೋಡಿಗಳಲ್ಲಿ ಒಟ್ಟಿಗೆ ಚಲಿಸುತ್ತವೆ, ಕೆಲವದರಲ್ಲಿ ಬೇರೆಬೇರೆ. ಬೇರೆಯಾಗಿದ್ದರೆ ಫೋನನ್ನು ಪೂರ್ತಿ ಏರಿಸಿಟ್ಟು, ಹೆಚ್ಚುಕಡಿಮೆ ಮಾಡುವುದನ್ನು ರಿಸೀವರ್‌ನಲ್ಲೇ ಮಾಡಿ. ಫೋನಿನಲ್ಲಿ ತಗ್ಗಿಸಿ ಇಲ್ಲಿ ಏರಿಸಿದರೆ ಹಾಡು ಚಿಕ್ಕದಾಗಿ ಹೊರಟು ಗದ್ದಲದ ಜೊತೆಗೇ ದೊಡ್ಡದಾಗುತ್ತದೆ. ಒಟ್ಟಿಗೆ ಚಲಿಸುವಾಗ ಒಂದು ಒತ್ತಿಗೆ ಸದ್ದು ತೀರಾ ಹಾರುತ್ತಿದ್ದರೆ ಡೆವಲಪರ್ ಆಪ್ಷನ್ಸ್‌ನಲ್ಲಿ ‘ಡಿಸೇಬಲ್ ಅಬ್ಸೊಲ್ಯೂಟ್ ವಾಲ್ಯೂಮ್’ ಆನ್ ಮಾಡಿ ಮತ್ತೆ ಜೋಡಿಸಿ. ಹೀಗೆ ಮಾಡುವ ಮುನ್ನ ರಿಸೀವರನ್ನು ತಗ್ಗಿಸಿರಬೇಕು, ಏಕೆಂದರೆ ಫೋನ್ ಪೂರ್ತಿ ಜೋರಿನಲ್ಲಿ ಶುರುವಾಗಬಹುದು.

ಬಲವಾದ ಆಂಪ್ ಕೈಯಲ್ಲಿದ್ದಾಗ ಕಿವಿಯ ಚಿಂತೆಯೂ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದಕ್ಕಿಂತ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಮೇಲಿನ 110ರ ಲೆಕ್ಕ ಕ್ಷಣಮಾತ್ರದ ಏರಿಗೆ, ಕೇಳುವ ಮಟ್ಟಕ್ಕಲ್ಲ.

ಕರೆ, ಮೀಟಿಂಗ್, ವಿಡಿಯೊ

ಮೀಟಿಂಗ್ ಶುರುವಾದ ಕೂಡಲೇ ಸದ್ದು ಹಳೆಯ ಟೆಲಿಫೋನಿನಂತಾಗುವುದು ಬ್ಲೂಟೂತ್‌ನ ಕಟ್ಟುಪಾಡು. ರಿಸೀವರ್‌ನ ಮೈಕ್ ತೆರೆದಾಗ ಸಂಪರ್ಕ ಕರೆಯ ವಿಧಾನಕ್ಕೆ ಜಾರುತ್ತದೆ, ಸದ್ದು ಮೋನೊ ಆಗಿ ಸ್ಯಾಂಪ್ಲಿಂಗ್ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದನ್ನೇ ಆರಿಸಿ, ಸ್ಪೀಕರ್ ಜಾಗದಲ್ಲಿ ರಿಸೀವರ್ ಇಡಿ. ಸ್ಟೀರಿಯೊ ವಾಪಸು ಬರುತ್ತದೆ. ಹೆಡ್‌ಫೋನ್ ಕೇಬಲಿನಲ್ಲಿರುವ ಮೈಕ್ ಬಹಳಷ್ಟು ರಿಸೀವರ್‌ಗಳಲ್ಲಿ ಕೆಲಸ ಮಾಡದು. ಮಾತು ಹೋಗುವುದು ಪೆಟ್ಟಿಗೆಯ ಮೇಲಿನ ಪುಟ್ಟ ತೂತಿನಿಂದ, ಅದನ್ನು ಬಟ್ಟೆಯಡಿ ಮುಚ್ಚಬೇಡಿ.

ಬ್ಲೂಟೂತ್‌ನಲ್ಲಿ ಸದ್ದು ತಡವಾಗಿಯೇ ಬರುತ್ತದೆ. ಸಿನಿಮಾ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ, ಆಟಗಳು ಮತ್ತು ವಾದ್ಯದ ಆ್ಯಪ್‌ಗಳು ಹಾಗೆ ಮಾಡಲಾರವು. ಅಲ್ಲಿ ಯುಎಸ್‌ಬಿ ತಂತಿಯಿಂದಲೇ ರಿಸೀವರನ್ನು ಫೋನಿಗೆ ಸೇರಿಸಿ, ಬಹಳಷ್ಟು ಮಾದರಿಗಳು ಡ್ಯಾಕ್ ಆಗಿಯೂ ಓಡುತ್ತವೆ. ಆಗ ಮೆನುವಿನಲ್ಲಿ ಚಾರ್ಜಿಂಗ್ ಆಫ್ ಮಾಡುವ ಅವಕಾಶ ಇದ್ದರೆ ಮಾಡಿ, ಇಲ್ಲವಾದರೆ ರಿಸೀವರ್ ತನ್ನ ಬ್ಯಾಟರಿ ತುಂಬಿಸಿಕೊಳ್ಳಲು ಫೋನಿನದನ್ನು ಹೀರುತ್ತದೆ.

ಕಾರಿನ ಆಕ್ಸ್‌ಗೆ (ಹೊರಗಿನ ಹಾಡಿನ ತಂತಿ ಹಾಕುವ ತೂತಿಗೆ) ಹಾಕಿ, ಕಾರಿನ ಚಾರ್ಜರ್‌ನಿಂದಲೇ ಚಾರ್ಜ್ ಮಾಡುತ್ತ ಕೇಳಿದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕೀರಲು ಸದ್ದು ಕೇಳಬಹುದು. ಅದು ಗ್ರೌಂಡ್ ಲೂಪ್, ಅಂದರೆ ಚಾರ್ಜರ್ ಮತ್ತು ಆಕ್ಸ್ ಎರಡೂ ತಂತಿಗಳ ಗ್ರೌಂಡ್ ಸೇರಿ ಆದ ಸುತ್ತು. ಚಾರ್ಜರ್ ಕಿತ್ತ ಕೂಡಲೇ ನಿಂತರೆ ಅನುಮಾನವೇ ಬೇಡ. ಬ್ಯಾಟರಿಯಲ್ಲಿ ಓಡಿಸಿ ಅಥವಾ ಆಕ್ಸ್ ಕೇಬಲಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ಬ್ಯಾಟರಿ

ಒಳಗಿರುವುದು ಚಿಕ್ಕ ಲಿಥಿಯಂ ಬ್ಯಾಟರಿ. ಎಲ್‌ಡ್ಯಾಕ್, ಹೈ ಗೇನ್, ಬ್ಯಾಲೆನ್ಸ್ಡ್ ಮೂರೂ ಸೇರಿದರೆ ಡಬ್ಬಿಯ ಮೇಲೆ ಬರೆದ ಗಂಟೆಗಳು ಸಿಗುವುದಿಲ್ಲ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ. ಹೊರಮೈ ಸ್ವಲ್ಪ ಉಬ್ಬಿದಂತೆ ಕಂಡರೆ, ಮುಚ್ಚಳದ ಸಂದು ಬಿಟ್ಟುಕೊಂಡರೆ ಒತ್ತಿ ಕೂರಿಸಲು ಹೋಗಬೇಡಿ. ಬ್ಯಾಟರಿ ಊದಿಕೊಂಡಿದೆ. ಆ ಕ್ಷಣದಿಂದ ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯಕ್ಕೆ ಕೊಡಿ.