ಸೀಬೆ ಕೊಂಬೆಯ ಬುಗುರಿ
ನಾನು ಮಾಡುವ ಬುಗುರಿಗೆ ಬಣ್ಣ ಇರುವುದಿಲ್ಲ. ಚನ್ನಪಟ್ಟಣದ ಅರಗಿನ ಬುಗುರಿ ನೋಡಲು ಚೆಂದ, ಒಪ್ಪುತ್ತೇನೆ. ಬೆರಳಲ್ಲಿ ತಿರುಗಿಸಿ ಮೇಜಿನ ಮೇಲೆ ಬಿಡಲು ಅದೇ ಸರಿ. ಆದರೆ ಅದು ಹಾಲೆ ಮರದ್ದು, ಮೆದು. ಮಣ್ಣಿನ ಆಟಕ್ಕೆ ಇಳಿಸಿ ನಾಲ್ಕು ಗುನ್ನ, ಅಂದರೆ ಬೇರೆ ಬುಗುರಿಯ ಮೊಳೆಯ ಪೆಟ್ಟು, ಬಿದ್ದರೆ ಮುಗೀತು.

ನಮ್ಮ ಶ್ರೀನಿವಾಸಪುರದ ಕಡೆ ಮಾವಿಗೇನೂ ಬರವಿಲ್ಲ. ಕಾಯಿ ಕಿತ್ತ ಮೇಲೆ ತೋಟದಲ್ಲಿ ಸವರಿದ ಕೊಂಬೆ ಸುಮ್ನೆ ಬಿದ್ದಿರುತ್ತದೆ. ಆದರೆ ಮಾವಿನಲ್ಲಿ ಮೊಳೆ ಬೇಗ ಸಡಿಲವಾಗುತ್ತದೆ. ಹುಣಸೆ ಗಟ್ಟಿ, ಮಚ್ಚಿಗೇ ಬಗ್ಗುವುದಿಲ್ಲ. ನನಗೆ ಸೀಬೆಯೇ ಆಗಬೇಕು. ಅದರ ಎಳೆ ಒತ್ತಾಗಿರುತ್ತದೆ. ಹತಾರಗಳಿಗೆ ಹಿಡಿ ಮಾಡುವ ಮರ ಅದು, ಪೆಟ್ಟು ತಡೆಯುತ್ತದೆ. ಹಸಿ ಕೊಂಬೆಯ ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿ ಇಡುತ್ತೇನೆ. ತುದಿ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಬಿಸಿಲಿಗಿಟ್ಟರಂತೂ ಒಲೆಗೇ.

ಮಚ್ಚಿನಲ್ಲಿ ಕೆತ್ತಿ, ಅರದಲ್ಲಿ ಉಜ್ಜಿ, ಉಪ್ಪು ಕಾಗದ ಹಾಕುವುದು ಯಾರಿಗಾದರೂ ಬರುತ್ತದೆ. ಬುಗುರಿಯ ಭುಜ ಅಗಲ ಇರಲಿ, ಅಷ್ಟೇ. ತೂಕ ನಡುವಿನಿಂದ ದೂರ ಇದ್ದಷ್ಟೂ ಸುತ್ತು ಜಾಸ್ತಿ ಹೊತ್ತು ನಿಲ್ಲುತ್ತದೆ.

ಕೆತ್ತಿದ ಮೇಲೆ ಬಕೆಟ್ ನೀರಿಗೆ ಬಿಡುತ್ತೇನೆ. ಹೇಗೆ ಹೊರಳಿಸಿದರೂ ಒಂದೇ ಪಕ್ಕ ಕೆಳಗೆ ಹೋಗುತ್ತಿದ್ದರೆ ಆ ಪಕ್ಕ ಭಾರ ಅಂತ ಅರ್ಥ. ಅಲ್ಲಿ ಸ್ವಲ್ಪ ಉಜ್ಜಿ ಮತ್ತೆ ಬಿಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಬುಗುರಿ ನಡುಗುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿಯೇ ಮೊಳೆಗೆ ಕೈ ಹಾಕುವುದು.

ಬುಗುರಿಯ ಹಣೆಬರಹವೆಲ್ಲ ಈ ಮೊಳೆಯಲ್ಲೇ ಇದೆ. ಮೊಳೆಗಿಂತ ಸಣ್ಣ ತೂತು ಮೊದಲೇ ಕೊರೆಯಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ನಡುಮಧ್ಯಕ್ಕೆ ಬಡಿದು, ಮೊಳೆಯ ತಲೆ ಕತ್ತರಿಸಿ, ತುದಿಯನ್ನು ಗುಂಡಗೆ ಉಜ್ಜುತ್ತೇನೆ. ಬೀದಿಯ ಹುಡುಗರು ಇದಕ್ಕೆ ಒಪ್ಪುವುದಿಲ್ಲ. ಗುನ್ನ ಹೊಡೆಯಲು ಅವರಿಗೆ ಚೂಪೇ ಬೇಕು, ಮಾಡಿಕೊಡುತ್ತೇನೆ. ಆದರೆ ಚೂಪಿನ ಮೊಳೆ ಮೆದು ಮಣ್ಣಲ್ಲಿ ಹೂತುಕೊಳ್ಳುತ್ತದೆ. ಗುಂಡಗಿದ್ದರೆ ವಾಲಿಕೊಂಡು ಬಿದ್ದ ಬುಗುರಿಯೂ ತಾನಾಗಿ ನೆಟ್ಟಗಾಗುತ್ತದೆ. ವಾಲಿದಾಗ ಮೊಳೆಯ ಅಂಚು ನೆಲಕ್ಕೆ ಉಜ್ಜುತ್ತದಲ್ವಾ, ಆ ಉಜ್ಜಾಟವೇ ಅದನ್ನು ಮೇಲಕ್ಕೆ ಎಬ್ಬಿಸುವುದು.

ಚಾಟಿಗೆ ಹತ್ತಿಯ ಹುರಿ. ನೈಲಾನ್ ಜಾರುತ್ತದೆ. ತುದಿ ಒದ್ದೆ ಮಾಡಿ ಮೊಳೆಗೆ ಬಿಗಿದು, ಒತ್ತೊತ್ತಾಗಿ ಭುಜದವರೆಗೆ ಸುತ್ತಬೇಕು. ಇನ್ನೊಂದು ತುದಿಗೆ ತಟ್ಟಿ ಚಪ್ಪಟೆ ಮಾಡಿದ ಸೋಡಾ ಮುಚ್ಚಳ ಕಟ್ಟಿದರೆ ಬೆರಳ ಸಂದಿಯಿಂದ ಜಾರುವುದಿಲ್ಲ.

ನನಗೆ ಈಗಲೂ ಇಷ್ಟ ಅಪ್ಪೀಟ್. ಎಸೆದ ಕೂಡಲೇ ಚಾಟಿಯನ್ನು ಹಿಂದಕ್ಕೆ ಜಗ್ಗಿ, ನೆಲ ಮುಟ್ಟುವ ಮೊದಲೇ ಬುಗುರಿಯನ್ನು ಅಂಗೈಗೆ ತೆಗೆದುಕೊಳ್ಳುವುದು. ಅದಕ್ಕೂ ಗುಂಡನೆಯ ಮೊಳೆಯೇ ಬೇಕು. ನಂಬದ ಹುಡುಗರಿಗೆ ಅವರ ಚೂಪಿನ ಬುಗುರಿಯನ್ನೇ ಅಂಗೈಗೆ ತಗೊಳ್ಳಿ ಅನ್ನುತ್ತೇನೆ.